ಹೇರೆತ್ತಿನ ಹಾದಿಯಲ್ಲಿ ಸೈಕಲ್ಲು

ಗುರುವಾಯನಕೆರೆಯಲ್ಲಿ ಬಸ್ಸಿಳಿದವರಿಗೆ ದಾರಿಗಳ ಬರವಿಲ್ಲ. ಪಶ್ಚಿಮಕ್ಕೆ ಹೋದರೆ ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಂಟ್ವಾಳ, ಪೂರ್ವಕ್ಕೆ ಬೆಳ್ತಂಗಡಿ, ಉಜಿರೆ, ಅದರಾಚೆ ಚಾರ್ಮಾಡಿ ಘಾಟಿ, ಉತ್ತರಕ್ಕೆ ವೇಣೂರು, ಮೂಡುಬಿದಿರೆ, ದಕ್ಷಿಣಕ್ಕೆ ಉಪ್ಪಿನಂಗಡಿ. ಇವೆಲ್ಲ ಡಾಮರು ಹಾಸಿದ ರಸ್ತೆಗಳು. ಆದರೆ ಯಾವ ರಸ್ತೆಯಲ್ಲೇ ಹೊರಡಿ, ಅಲ್ಲಲ್ಲಿ ಒಂದು ಕೆಂಪು ದಾರಿ ಕವಲೊಡೆದು ಗುಡ್ಡ ಹತ್ತುತ್ತದೆ, ಅಡಿಕೆ ತೋಟಕ್ಕೆ ಇಳಿಯುತ್ತದೆ, ತೋಡು ದಾಟಿ ಮತ್ತೊಂದು ಊರಿನಲ್ಲಿ ಹೊರಬೀಳುತ್ತದೆ. ಡಾಮರು ಬರುವ ಮುಂಚೆ ಈ ಸೀಮೆಯ ಊರುಗಳನ್ನು ಒಂದಕ್ಕೊಂದು ಹೆಣೆದದ್ದು ಇಂಥ ದಾರಿಗಳೇ.

ಈಗ ಜಗತ್ತಿನ ಹಲವೆಡೆ ಇಂಥ ದಾರಿಗಳನ್ನು ಹುಡುಕಿಕೊಂಡು ಸೈಕಲ್ ಸವಾರರು ಹೊರಟಿದ್ದಾರೆ. ಇದಕ್ಕೆ ಗ್ರಾವೆಲ್ ಸೈಕ್ಲಿಂಗ್ ಎಂದು ಹೆಸರು. ಗ್ರಾವೆಲ್ ಎಂದರೆ ಜಲ್ಲಿ. ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಆದರೆ ಅದರ ಒಂದೂವರೆ ಪಟ್ಟಿಗೂ ಹೆಚ್ಚು ಅಗಲದ ಟಯರು. ಅದರಲ್ಲಿ ಗಾಳಿಯೂ ಸ್ವಲ್ಪ ಕಡಿಮೆ. ಕಲ್ಲಿನ ಮೇಲೆ ಪುಟಿಯದೆ ಟಯರು ನೆಲವನ್ನು ಹಿಡಿದುಕೊಳ್ಳಲಿ ಎಂಬುದು ಇದರ ಲೆಕ್ಕ. ಅಮೆರಿಕದ ಕ್ಯಾನ್ಸಸ್ಸಿನ ಮಣ್ಣು ರಸ್ತೆಗಳಲ್ಲಿ 2006ರಲ್ಲಿ ಆರಂಭವಾದ ಒಂದು ಸ್ಪರ್ಧೆ ಇದನ್ನು ಜನಪ್ರಿಯಗೊಳಿಸಿತು. ಆದರೆ ಸ್ಪರ್ಧೆಯ ಗೋಜಿಲ್ಲದೆ ಊರಿಂದೂರಿಗೆ ನಿಧಾನವಾಗಿ ಸಾಗುವವರಿಗೆ ಫ್ರಾನ್ಸಿನ ಗುಡ್ಡಗಾಡೆಂದರೆ ಅಚ್ಚುಮೆಚ್ಚು.

ಅಲ್ಲಿನ ಸೆವೆನ್ ಬೆಟ್ಟಗಳ ಒಂದು ದಾರಿ ಹುಟ್ಟಿದ ಬಗೆ ಕುತೂಹಲಕಾರಿ. 1878ರಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಎಂಬ ಸ್ಕಾಟಿಷ್ ಲೇಖಕ ಒಂದು ಕತ್ತೆಯ ಮೇಲೆ ಗಂಟುಮೂಟೆ ಹೇರಿಕೊಂಡು ಆ ಬೆಟ್ಟಗಳಲ್ಲಿ ಹನ್ನೆರಡು ದಿನ ನಡೆದ. ಮರುವರ್ಷ ಅದರ ಕಥನವನ್ನು ಪ್ರಕಟಿಸಿದ. ಅವನು ನಡೆದ ಜಾಡಿಗೆ ಇಂದು ಗುರುತುಗಳಿವೆ, ಸಂಖ್ಯೆಯಿದೆ. ದಾರಿಯುದ್ದದ ಹಳ್ಳಿಗಳಲ್ಲಿ ಊಟ-ವಸತಿಯ ವ್ಯವಸ್ಥೆಯೂ ಉಂಟು. ಅಲ್ಲಿ ಹೊಸದಾಗಿ ದಾರಿ ಕಡಿಯಬೇಕಾಗಲಿಲ್ಲ. ಇದ್ದ ಹಾದಿಯನ್ನು ಹೆಚ್ಚಾಗಿ ಉಳಿಸಿಕೊಂಡರು, ಅಷ್ಟೇ.

ಅಂಥದೇ ಒಂದು ಜಾಡು ನಮ್ಮಲ್ಲೂ ಇದೆ, ಅದೂ ಸ್ಟೀವನ್‌ಸನ್ನನಿಗಿಂತ ಮುಕ್ಕಾಲು ಶತಮಾನ ಹಿಂದಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ವ್ಯಾಪಾರ, ಜನಜೀವನವನ್ನು ನೋಡಿ ಬರಲು ಈಸ್ಟ್ ಇಂಡಿಯಾ ಕಂಪೆನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1801ರ ಆರಂಭದಲ್ಲಿ ಅವನು ಮಂಗಳೂರಿನಿಂದ ಹೊರಟು ನೇತ್ರಾವತಿಯ ಬದಿಯಿಂದ ಬೆಳ್ತಂಗಡಿಗೆ ಬಂದ. ಟಿಪ್ಪು 1794ರಲ್ಲಿ ಗಡಾಯಿಕಲ್ಲಿನ ಮೇಲೆ ಕಟ್ಟಿಸಿದ ಜಮಾಲಾಬಾದ್ ಕೋಟೆಯನ್ನು ನೋಡಿದ. ಅಲ್ಲಿಂದ ವೇಣೂರು, ಮೂಡುಬಿದಿರೆ, ಕಾರ್ಕಳ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಈ ಪಯಣದ ವಿವರಗಳಿವೆ. ಗುರುವಾಯನಕೆರೆಯಿಂದ ಹೊರಡುವ ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಬೇಕೇ?

ಬುಕಾನನ್‌ನ ನೆನಪು ದಾರಿಯ ಕಲ್ಲಿನಲ್ಲೂ ಇದೆ. ಕರಾವಳಿಯ ಮನೆ, ಬಾವಿ, ಕಾಂಪೌಂಡುಗಳಿಗೆಲ್ಲ ಬಳಕೆಯಾಗುವ ಮುರಕಲ್ಲಿಗೆ, ಅಂದರೆ ಜಂಬಿಟ್ಟಿಗೆಗೆ, ‘ಲ್ಯಾಟರೈಟ್’ ಎಂದು ಶಾಸ್ತ್ರೀಯ ಹೆಸರಿಟ್ಟವನು ಅವನೇ. ಮಲಬಾರಿನಲ್ಲಿ ಅದನ್ನು ಕಡಿಯುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಆ ಪದವನ್ನು ಮಾಡಿದ. ನೆಲದೊಳಗೆ ಮೆದುವಾಗಿದ್ದು ಗಾಳಿ ಬಿಸಿಲಿಗೆ ಒಡ್ಡಿದಾಗ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಅದರ ಹರಳು ಮಣ್ಣಿನೊಂದಿಗೆ ಸೇರಿ ಬೇಸಗೆಯಲ್ಲಿ ಸಿಮೆಂಟಿನಂತೆ ಬಿಗಿಯುತ್ತದೆ. ಸೈಕಲ್ಲಿಗೆ ಹೇಳಿ ಮಾಡಿಸಿದ ನೆಲ. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಿದು. ಮಳೆಗಾಲದಲ್ಲಿ ನುಣ್ಣನೆಯ ಮಣ್ಣು ಕೊಚ್ಚಿಹೋಗಿ ದುಂಡು ಹರಳುಗಳಷ್ಟೇ ಉಳಿಯುತ್ತವೆ, ಚಡವಿನಲ್ಲಿ ಚಕ್ರ ಜಾರುತ್ತದೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗೆ ಸವಾರಿಗೆ ಒಳ್ಳೆಯ ಕಾಲ.

ಗುರುವಾಯನಕೆರೆಯಿಂದ ವೇಣೂರಿಗೆ ಸುಮಾರು 12, ಅಲ್ಲಿಂದ ಮೂಡುಬಿದಿರೆಗೆ ಸುಮಾರು 20 ಕಿಲೋಮೀಟರು. ಒಂದೊಂದು ಹಂತವೂ ಹೊರೆ ಹೊತ್ತ ಎತ್ತು ಒಂದು ಹಗಲಿನಲ್ಲಿ ನಡೆಯಬಹುದಾದ ದೂರ. ಉಪ್ಪು ಘಟ್ಟ ಹತ್ತುತ್ತಿತ್ತು, ಕಾಫಿ ಘಟ್ಟ ಇಳಿಯುತ್ತಿತ್ತು. ಮೈಸೂರು ಸೀಮೆಯ ಕಾಫಿಗೆ ಬಂಟ್ವಾಳ ದೊಡ್ಡ ತಂಗುದಾಣವಾಗಿದ್ದು, ಅಲ್ಲಿಂದ ಮುಂದಕ್ಕೆ ನೇತ್ರಾವತಿಯ ದೋಣಿಗಳಿದ್ದವು. ಬೆಳ್ತಂಗಡಿ, ಅಳದಂಗಡಿ, ನರಸಿಂಹಂಗಡಿ, ಉಪ್ಪಿನಂಗಡಿ ಎಂಬ ಹೆಸರುಗಳನ್ನು ಒಟ್ಟಿಗೆ ಉಚ್ಚರಿಸಿ ನೋಡಿದರೆ ಅಂದಿನ ಸಂತೆ-ಪೇಟೆಗಳ ನಕಾಶೆಯೇ ಕಣ್ಣಿಗೆ ಕಟ್ಟುತ್ತದೆ.

ಈ ಊರುಗಳ ಸ್ಮಾರಕಗಳ ಅರ್ಥವೂ ದಾರಿಯಿಂದಲೇ ತಿಳಿಯುವುದು. ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ 35 ಅಡಿಯ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ಕಾರ್ಕಳದಲ್ಲಿ ಭೈರರಸರ ವೀರಪಾಂಡ್ಯ 1432ರಲ್ಲೇ 42 ಅಡಿಯ ಮೂರ್ತಿಯನ್ನು ನಿಲ್ಲಿಸಿದ್ದ. ಎರಡನೆಯ ಗೊಮ್ಮಟ ಏಳುವುದನ್ನು ಕಾರ್ಕಳದ ಅರಸ ಸಹಿಸಲಿಲ್ಲವೆಂದೂ, ಅಜಿಲ ತನ್ನ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿದನೆಂದೂ ಐತಿಹ್ಯ. ನಡೆದದ್ದು ಏನೇ ಇರಲಿ, ನಡುವೆ ಸೇನೆ ಸಾಗುವಷ್ಟು ದಾರಿಯಿತ್ತೆಂಬುದು ಕಥೆಯೊಳಗೇ ಇದೆ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಜಿರಾಫೆ ಮತ್ತು ಚೀನೀ ಡ್ರ್ಯಾಗನ್ನುಗಳ ಕೆತ್ತನೆಗಳಿವೆ. ಆಫ್ರಿಕಾದ, ಚೀನಾದ ಸುದ್ದಿ ಬಂದರಿನಿಂದ ಆ ಬಿದಿರ ಕಾಡಿನ ಊರಿಗೆ ತಲಪಿದ್ದು ಗದ್ದೆ-ಗುಡ್ಡಗಳ ಇಂಥ ಹಾದಿಗಳ ಮೂಲಕವೇ. ಕಾರಿನಲ್ಲಿ ಅರ್ಧ ಗಂಟೆಯಲ್ಲಿ ಬಂದಿಳಿದವರಿಗೆ ಕಾಣುವುದು ಬಸದಿ. ಬೈಲು ದಾಟಿ, ಪದವು ಏರಿ, ಬೆವರೊರೆಸಿಕೊಂಡು ಬಂದವರಿಗೆ ಅದು ಅಲ್ಲೇ ಏಕೆ ಇದೆ ಎಂಬುದೂ ಕಾಣುತ್ತದೆ.

ಆದರೆ ಆ ಹಾದಿಗಳು ಉಳಿದಾವೆಯೇ? ಮಣ್ಣು ರಸ್ತೆಗೆ ಡಾಮರು, ಕಾಂಕ್ರೀಟು ಬೇಕೆಂದು ಹಳ್ಳಿಯವರು ಕೇಳುವುದು ನ್ಯಾಯ. ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಮನೆಯವರಿಗೆ ಕೆಂಪು ಧೂಳಿನ ಸೊಬಗನ್ನು ವರ್ಣಿಸುವುದು ಪೇಟೆಯವರ ಸೊಕ್ಕಾದೀತು. ಅಪಾಯ ಇರುವುದು ಡಾಮರಿನಲ್ಲಿ ಅಲ್ಲ. ಡಾಮರು ಕಾಣದ ಕಾಲುದಾರಿ, ಬಂಡಿದಾರಿಗಳು ಬಳಕೆ ತಪ್ಪಿ ಸದ್ದಿಲ್ಲದೆ ಮುಚ್ಚಿಹೋಗುವುದರಲ್ಲಿ. ಹಿಂದೆ ಜಾಗದ ಗಡಿಯಲ್ಲಿ ದನ ದಾಟದಂತೆ, ಆದರೆ ಮನುಷ್ಯ ದಾಟುವಂತೆ ತಡಮೆ ಇರುತ್ತಿತ್ತು. ಈಗ ಆ ಜಾಗದಲ್ಲಿ ರಬ್ಬರ್ ತೋಟದ ಬೇಲಿ, ಬೀಗ ಹಾಕಿದ ಗೇಟು. ಹತ್ತಿರದ ದಾರಿಯಲ್ಲಿ ಶಾಲೆಗೆ ನಡೆಯುವ ಮಗು, ಮಾರ್ಗದ ಬದಿಯ ಬಸ್ ನಿಲ್ದಾಣಕ್ಕೆ ಬರುವ ಮುದುಕಿ ಇದರಿಂದ ಮೊದಲು ಸುತ್ತು ಹಾಕಬೇಕಾಗುತ್ತದೆ. ಸೈಕಲ್ ಸವಾರನ ನಷ್ಟ ಆಮೇಲಿನದು.

ಫ್ರಾನ್ಸೂ ಈ ನಷ್ಟವನ್ನು ಉಂಡಿದೆ. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರುಗಳಿಗೆ ಅನುಕೂಲವಾಗಲೆಂದು ಚೂರುಚೂರು ಹೊಲಗಳನ್ನು ಒಟ್ಟುಗೂಡಿಸಿದಾಗ ಅಸಂಖ್ಯ ಹಳ್ಳಿದಾರಿಗಳು ಅಳಿದವು. 1983ರ ಕಾನೂನಿನಂತೆ ಅಲ್ಲಿನ ಜಿಲ್ಲಾಡಳಿತಗಳು ನಡಿಗೆಯ ದಾರಿಗಳ ಪಟ್ಟಿ ತಯಾರಿಸುತ್ತವೆ. ಪಟ್ಟಿಯಲ್ಲಿರುವ ಹಳ್ಳಿದಾರಿಯನ್ನು ಮಾರುವುದಾದರೆ ಬದಲಿ ದಾರಿ ಕೊಟ್ಟು ಸಂಪರ್ಕ ಕಡಿಯದಂತೆ ನೋಡಿಕೊಳ್ಳಬೇಕು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರಕಾರದ ಸ್ವತ್ತು. ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳಿಗೆ ಬೇರೆ ಬೇರೆ ಗುರುತುಗಳಿವೆ. ಆ ನಕಾಶೆಯನ್ನು ಹಿಡಿದು ಒಮ್ಮೆ ನಡೆದು, ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ಬರೆದಿಡಲು ಒಂದು ಗ್ರಾಮ ಪಂಚಾಯಿತಿಗೆ ಹೆಚ್ಚಿನ ಖರ್ಚೇನೂ ಬಾರದು. ಕವಲುಗಳಲ್ಲಿ ಒಂದೊಂದು ಕಲ್ಲು ನೆಟ್ಟರೆ ಸಾಕು.

ವೇಣೂರಿನ ಗೊಮ್ಮಟನನ್ನು ಕಾಯಲು ಜನರಿದ್ದಾರೆ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ, 2024ರಲ್ಲೂ ನಡೆಯಿತು. ದಾರಿಗೆ ಅಂಥ ಅಭಿಷೇಕವಿಲ್ಲ. ಅದರ ಮೇಲೆ ಕಾಲೋ ಚಕ್ರವೋ ಆಡುತ್ತಿದ್ದಷ್ಟು ದಿನ ಅದು ದಾರಿ. ನಾಲ್ಕು ಮಳೆಗಾಲ ಯಾರೂ ನಡೆಯದಿದ್ದರೆ ಬರಿಯ ಪೊದೆ.