ಗೋಡೆ ಮೊದಲು, ಗುಂಡಿ ಆಮೇಲೆ

ಕಳೆದ ಚಳಿಗಾಲದಲ್ಲಿ ನಮ್ಮ ಕೂಟದ ಒಂದು ಮನೆಗೆ ಬೆಂಗಳೂರಿನಿಂದ ಫೋನು ಬಂತು. ಪಕ್ಕದ ನಿವೇಶನದಲ್ಲಿ ಬಹುಮಹಡಿ ಕಟ್ಟಡಕ್ಕೆಂದು ನೆಲ ಅಗೆಯುತ್ತಿದ್ದಾರೆ. ನಮ್ಮ ಕಾಂಪೌಂಡು ಗೋಡೆ ಗುಂಡಿಗೆ ಬಿತ್ತು, ನಡುಮನೆಯ ಗೋಡೆಯೂ ಬಿರುಕು ಬಿಟ್ಟಿದೆ, ಏನು ಮಾಡಲಿ ಎಂದು ವಯಸ್ಸಾದ ತಾಯಿ ಕೇಳುತ್ತಿದ್ದರು. ಇಷ್ಟು ದೂರದಲ್ಲಿ ಕುಳಿತು ನಾವು ಏನು ಹೇಳಬಲ್ಲೆವು?

ಅದೇ ಚಿಂತೆಯಲ್ಲಿದ್ದಾಗ ಮಕ್ಕಳೊಡನೆ ನ್ಯೂಯಾರ್ಕಿನ ಸೆಪ್ಟೆಂಬರ್ 11ರ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ನೆಲದಡಿ ನಿಂತಿರುವ ಒಂದು ಒರಟು ಕಾಂಕ್ರೀಟು ಗೋಡೆ ನಮಗೆ ಉತ್ತರ ಹೇಳಿತು.

ವರ್ಲ್ಡ್ ಟ್ರೇಡ್ ಸೆಂಟರಿನ ಕೆಲಸ 1966ರಲ್ಲಿ ಆರಂಭವಾಯಿತು. ಜಾಗ ಹಡ್ಸನ್ ನದಿಯ ಅಂಚು, ಹಿಂದಿನವರು ಮಣ್ಣು ತುಂಬಿ ಮಾಡಿದ ನೆಲ. ಕೆಲವೇ ಅಡಿ ತೋಡಿದರೆ ನೀರು. ಗಟ್ಟಿ ಬಂಡೆ ಸುಮಾರು 70 ಅಡಿ ಕೆಳಗೆ. ನಮ್ಮೂರಿನಲ್ಲಿ ಬಾವಿ ತೋಡುವವರು ಸಡಿಲ ಮಣ್ಣು ಸಿಕ್ಕಿದರೆ ಸಿಮೆಂಟಿನ ರಿಂಗು ಇಳಿಸುತ್ತಾರಲ್ಲವೆ? ಇಲ್ಲಿ ಗುಂಡಿ ತೋಡುವ ಮೊದಲೇ ಸುತ್ತಲೂ ಗೋಡೆ ಕಟ್ಟಿದರು.

ಹೇಗೆಂದರೆ, 3 ಅಡಿ ಅಗಲದ ಕಾಲುವೆಯನ್ನು ಬಂಡೆಯವರೆಗೆ ತೋಡುತ್ತಾ ಹೋಗುವುದು. ತೋಡಿದಂತೆಲ್ಲ ಬೆಂಟೊನೈಟ್ ಜೇಡಿಯ ಗಂಜಿ ತುಂಬುವುದು. ನೀರಿಗಿಂತ ಭಾರವಾದ ಆ ಗಂಜಿಯೇ ಮಣ್ಣು ಕುಸಿಯದಂತೆ ಒತ್ತಿ ಹಿಡಿಯುತ್ತದೆ. ಬಳಿಕ ಕಬ್ಬಿಣದ ಪಂಜರ ಇಳಿಸಿ, ಕೊಳವೆಯಿಂದ ತಳದಲ್ಲಿ ಕಾಂಕ್ರೀಟು ಬಿಟ್ಟರೆ ಗಂಜಿ ಮೇಲೇರಿ ಹೊರಬರುತ್ತದೆ. ಗೋಡೆ ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ಹಂತಹಂತವಾಗಿ ತೆಗೆದು, ಪ್ರತಿ ಹಂತದಲ್ಲೂ ಗೋಡೆಯ ಮೂಲಕ ಓರೆಯಾಗಿ ಬಂಡೆಗೆ ಉಕ್ಕಿನ ಹಗ್ಗಗಳನ್ನು ಬಿಗಿದರು. ನೆಲಮಾಳಿಗೆಗಳ ಮಹಡಿಗಳು ಗೋಡೆಗೆ ಆಸರೆಯಾದ ಮೇಲೆ ಆ ಹಗ್ಗಗಳನ್ನು ಕತ್ತರಿಸಿದರು. ಇಷ್ಟು ನಡೆಯುವಾಗಲೂ ಅಲ್ಲಿ ಹಾಯ್ದು ಹೋಗುವ ಸುರಂಗದ ರೈಲು ನಿಲ್ಲಲಿಲ್ಲ! ಅಗೆದ ಮಣ್ಣಿನಿಂದ ನದಿಯಂಚಿನಲ್ಲಿ ಹೊಸ ನೆಲವೇ ಆಯಿತು. ಅದೇ ಇಂದಿನ ಬ್ಯಾಟರಿ ಪಾರ್ಕ್ ಸಿಟಿಯ ಭಾಗ.

2001ರಲ್ಲಿ ಗೋಪುರಗಳು ಬಿದ್ದಾಗ ಆಸರೆಯಾಗಿದ್ದ ಮಹಡಿಗಳೂ ಕುಸಿದವು. ದಕ್ಷಿಣದ ಗೋಡೆಯ ತಲೆ 10 ಅಂಗುಲಕ್ಕೂ ಹೆಚ್ಚು ಒಳಸರಿಯಿತು. ಗೋಡೆ ಮುರಿದಿದ್ದರೆ ನೀರು ಗುಂಡಿಗೆ ನುಗ್ಗಿ, ರೈಲು ಸುರಂಗಗಳಿಗೂ ಹರಿಯುವ ಭಯವಿತ್ತು. ಅವಶೇಷವನ್ನು ಒಮ್ಮೆಗೇ ತೆಗೆಯುವಂತಿರಲಿಲ್ಲ, ಅದೇ ಈಗ ಗೋಡೆಗೆ ಊರೆ. ಸ್ವಲ್ಪ ಸ್ವಲ್ಪವೇ ತೆಗೆದು, ಹೊಸ ಹಗ್ಗ ಬಿಗಿದು ಮುಂದುವರಿದರು. ಗೋಡೆ ಉಳಿಯಿತು.

ಹಳೆಯ ಆಸರೆ ಹೋಗುವ ಮುನ್ನ ಹೊಸ ಆಸರೆ ನಿಲ್ಲಬೇಕು, ವಿದ್ಯೆಯೆಲ್ಲ ಇಷ್ಟೆ. ಊರಿನಲ್ಲಿ ನಮ್ಮ ಮನೆಯ ಪಕ್ಕ ಅಗೆತ ಶುರುವಾಗುವುದಾದರೆ ಮೊದಲೇ ಕೇಳೋಣ: ಮಣ್ಣಿಗೆ ಆಸರೆ ಏನು? ಯಾವಾಗ ಕಟ್ಟುತ್ತೀರಿ? ಗೋಡೆ ಸರಿಯುವುದನ್ನು ಅಳೆಯುವವರು ಯಾರು? ನಮ್ಮ ಗೋಡೆಗಳ ಫೋಟೋಗಳನ್ನು ತಾರೀಖು ಸಹಿತ ತೆಗೆದಿಡೋಣ.

ಆ ತಾಯಿ ಒಬ್ಬ ಎಂಜಿನಿಯರರನ್ನು ಕರೆಸಿ ಇದನ್ನೇ ಕೇಳಿಸಿದರು. ಅಗೆತ ನಿಲ್ಲಿಸಿ, ಉಕ್ಕಿನ ತೊಲೆಗಳ ಆಸರೆ ಕಟ್ಟಿದ್ದಾರಂತೆ. ನಡುಮನೆಯ ಬಿರುಕು ಹಾಗೇ ಇದೆ, ಬೆಳೆದಿಲ್ಲ. ರಾತ್ರಿ ಈಗ ನಿದ್ದೆ ಬರುತ್ತಿದೆ ಎಂದರಂತೆ.