ಹಿಂದಿನ ಗಾಲಿಯ ಬ್ರೇಕು

ಕಳೆದ ರಜೆಯಲ್ಲಿ ಹೊಸದುರ್ಗಕ್ಕೆ ಹೊರಡುವ ಮುನ್ನಾದಿನ, ಚಿತ್ರದುರ್ಗದ ನಮ್ಮ ಮನೆಯಲ್ಲಿ ಚಿಕ್ಕಪ್ಪನವರೂ ನಾನೂ ಕಾರಿನ ಹಿಂದಿನ ಬ್ರೇಕ್ ಪ್ಯಾಡುಗಳನ್ನು ಬದಲಿಸಿದೆವು. ಹಳೆಯ ಕಾರುಗಳಲ್ಲಿ ಹ್ಯಾಂಡ್ ಬ್ರೇಕನ್ನು ಕೈಯಿಂದ ಎಳೆದರೆ ತಂತಿಯೊಂದು ಗಾಲಿಯನ್ನು ಬಿಗಿಯುತ್ತಿತ್ತು. ನಮ್ಮ ಕಾರಿನಲ್ಲಿರುವುದು ಕೇವಲ ಒಂದು ಸ್ವಿಚ್ಚು. ಅದನ್ನು ಎತ್ತಿದೊಡನೆ ಹಿಂದಿನ ಎರಡು ಕ್ಯಾಲಿಪರುಗಳಿಗೂ ಜೋಡಿಸಿರುವ ಪುಟ್ಟ ವಿದ್ಯುತ್ ಮೋಟಾರುಗಳು ಒಳಗಿನ ತಿರುಪನ್ನು ತಿರುಗಿಸಿ ಪಿಸ್ಟನ್ನನ್ನು ಮುಂದಕ್ಕೆ ಒತ್ತುತ್ತವೆ; ಪ್ಯಾಡುಗಳು ಡಿಸ್ಕನ್ನು ಹಿಡಿದುಕೊಳ್ಳುತ್ತವೆ.

ಸವೆದ ಪ್ಯಾಡಿಗಿಂತ ಹೊಸದು ದಪ್ಪ. ಅದು ಕೂರಬೇಕಾದರೆ ಪಿಸ್ಟನ್ ಹಿಂದೆ ಸರಿಯಬೇಕು. ಚಿಕ್ಕಪ್ಪನವರು ವಾಡಿಕೆಯಂತೆ ಕ್ಲ್ಯಾಂಪು ಹಿಡಿದರು.

"ತಾಳಿ ಚಿಕ್ಕಪ್ಪ, ತಿರುಪು ಮುಂದೆ ನಿಂತಿರುವಾಗ ಒತ್ತಿದರೆ ಒಳಗೆ ಮುರಿದೀತು" ಎಂದೆ. ಮೊದಲು ಕೈಪಿಡಿಯಂತೆ, ಸ್ಕ್ಯಾನರ್ ಜೋಡಿಸಿ, ಮೋಟಾರು ತಿರುಪನ್ನು ಹಿಂದೆಗೆಯುವಂತೆ ಆಜ್ಞೆ ಕೊಡಬೇಕು, ಕ್ಲ್ಯಾಂಪು ಆಮೇಲೆ.

ಸ್ಕ್ಯಾನರಿನ ಗುಂಡಿ ಒತ್ತಲು ಹೊರಟಾಗ ಅವರೇ ನನ್ನ ಕೈ ತಡೆದರು. "ಬ್ರೇಕು ಬಿಟ್ಟ ಮೇಲೆ ಗಾಡಿ ಯಾತರ ಮೇಲೆ ನಿಲ್ಲುತ್ತೋ? ಮುಂದಿನ ಗಾಲಿಗೆ ಕಲ್ಲು ಕೊಟ್ಟೆಯಾ?" ಕೊಟ್ಟಿರಲಿಲ್ಲ. ಸಮನೆಲವಾದರೂ ಜಾಕಿನ ಮೇಲಿನ ಕಾರು ಜಾರಿದ್ದರೆ ನನ್ನ ಕೈ ಅದರಡಿಯಲ್ಲಿರುತ್ತಿತ್ತು. ಕಲ್ಲು ಕೊಟ್ಟೆವು, ಸ್ಟ್ಯಾಂಡುಗಳನ್ನೂ ಇಟ್ಟೆವು.

ಎರಡೂ ಕಡೆಯ ಪ್ಯಾಡುಗಳನ್ನು ಕೂರಿಸಿ, ಕಾಲಿನ ಬ್ರೇಕು ಗಟ್ಟಿಯಾಗುವ ತನಕ ಹಲವು ಸಲ ತುಳಿದು, ಮೋಟಾರನ್ನು ಮತ್ತೆ ಕೆಲಸಕ್ಕೆ ಹಚ್ಚಿದೆವು. ಮನೆಯ ಮುಂದೆಯೇ ನಿಧಾನವಾಗಿ ಓಡಿಸಿ ಪರೀಕ್ಷಿಸಿ, ಮರುದಿನ ಹೊಳಲ್ಕೆರೆಯ ಮಾರ್ಗವಾಗಿ ಹೊರಟೆವು.

ಕೈಪಿಡಿ ಓದಿದವನು ನಾನು. ಕಲ್ಲು ಮರೆತವನೂ ನಾನೇ. ಹೊಸ ಯಂತ್ರಕ್ಕೆ ಎರಡು ವಿದ್ಯೆಯೂ ಬೇಕು.