ನಾಯಿಯ ಮೂಗು, ಉಡದ ಪಟ್ಟು

ನಾಯಿಯನ್ನು ಜತೆಗೆ ಕರೆದುಕೊಂಡು ವಾಕಿಂಗ್ ಹೋಗುವವರಿಗೆ ಇದು ಹೊಸತಲ್ಲ. ಅದುವರೆಗೆ ಸರಪಳಿ ಜಗ್ಗುತ್ತ ಮುಂದೆ ಮುಂದೆ ಹೋಗುತ್ತಿದ್ದ ನಾಯಿ ಯಾವುದೋ ಬೇಲಿಯ ಬುಡದಲ್ಲಿ ಗಕ್ಕನೆ ನಿಲ್ಲುತ್ತದೆ. ಕಿವಿ ನಿಮಿರುತ್ತದೆ. ಯಜಮಾನರಿಗೆ ಕಾಣುವುದು ಒಣಗಿದ ಎಲೆಗಳ ರಾಶಿ ಮಾತ್ರ. ಮರುಕ್ಷಣವೇ ಎಲೆಗಳ ನಡುವೆ ಸರಸರ ಸದ್ದು. ಓತಿಕ್ಯಾತವೋ, ಹಾವುರಾಣಿಯೋ, ಊರಾಚೆಯ ಕೆರೆ ಏರಿಯಾದರೆ ಒಂದೊಂದು ಸಲ ಮಾರುದ್ದದ ಉಡವೋ ಕಂಡು ಮಾಯವಾಗುತ್ತದೆ. ಮಾಯವಾದರೆ ಸರಿ. ನಾಯಿ ಬಾಯಿ ಹಾಕಿಬಿಟ್ಟರೆ?

ಹೀಗೆ ನೆಲದ ಮೇಲೆ ನಾಯಿಗೆ ಸಿಕ್ಕಿಬೀಳುವುದಕ್ಕೆ ಕಾರಣಗಳಿವೆ. ಹಲ್ಲಿಯ ಬಳಗದ ಪ್ರಾಣಿಗಳಿಗೆ ನಮ್ಮಂತೆ ಮೈಬಿಸಿಯನ್ನು ಒಳಗಿನಿಂದಲೇ ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ. ರಾತ್ರಿ ತಣ್ಣಗಾದ ಮೈ ಬಿಸಿಲು ಕಾಯಿಸಿಕೊಂಡ ಮೇಲೆಯೇ ಚುರುಕಾಗಬೇಕು. ಆದ್ದರಿಂದ ಬೆಳಗಿನ ಎಳೆಬಿಸಿಲಿಗೆ ಬಂಡೆಯ ಮೇಲೋ ಕಾಲುದಾರಿಯಲ್ಲೋ ಮೈಚಾಚಿ ಮಲಗಿರುವ ಹೊತ್ತಿನಲ್ಲಿ ಅವು ಓಡುವ ಸ್ಥಿತಿಯಲ್ಲಿರುವುದಿಲ್ಲ. ನಾಯಿಗಾದರೋ ಅದು ಹುರುಪಿನ ಹೊತ್ತು.

ಇನ್ನೊಂದು ಕಾರಣ ಮೊಟ್ಟೆ. ಬೇಲಿ ಮೇಲೆ, ಗಿಡದ ಮೇಲೆ ಬದುಕುವ ಓತಿಕ್ಯಾತದ ಹೆಣ್ಣು ಮೊಟ್ಟೆಯಿಡಲು ನೆಲಕ್ಕೆ ಇಳಿಯಲೇಬೇಕು. ಸಡಿಲ ಮಣ್ಣಿನಲ್ಲಿ ಗುಳಿ ತೋಡಿ, ಹತ್ತಿಪ್ಪತ್ತು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೋಗುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯ ಕತೆಯೂ ಇದೇ. ಪಕ್ಕೆಲುಬುಗಳ ಮೇಲೆ ಕೊಡೆಯಂತೆ ಬಿಚ್ಚುವ ಚರ್ಮದ ಬಲದಿಂದ ಅದು ಹಾರುತ್ತದೆ. ಆದರೆ ಹೆಣ್ಣು ಮೊಟ್ಟೆಯಿಡಲು ಕೆಳಕ್ಕೆ ಬರುತ್ತದೆ. (ಈ ಓತಿಯನ್ನು ಕನ್ನಡಿಗರ ಮನೆಮಾತಾಗಿಸಿದ್ದು 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಆ ಕಾದಂಬರಿಯಲ್ಲೂ ಕಿವಿ ಎಂಬ ನಾಯಿಯೊಂದು ಉಂಟು ಎಂಬುದನ್ನು ಓದಿದವರು ಮರೆತಿರಲಾರರು.) ಅಂದರೆ ನಾಯಿ ನೆಲದ ಮೇಲೆ ಹಿಡಿದದ್ದು ಎಷ್ಟೋ ಸಲ ಮೊಟ್ಟೆ ಹೊತ್ತ ತಾಯಿಯಾಗಿರುತ್ತದೆ.

ಹಾಗೆಂದು ನಾಯಿಯೊಂದನ್ನೇ ದೂರುವಂತಿಲ್ಲ. ಈ ಪ್ರಾಣಿಗಳ ಬಗ್ಗೆ ನಮ್ಮ ಜನರಿಗೆ ಇರುವ ಭಯ ನಾಯಿಗಿಂತ ಹೆಚ್ಚು ಕೊಂದಿದೆ. ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ಗಾದೆಯಲ್ಲಿ ಬೇಲಿಯ ಈ ಬಡಪಾಯಿಯನ್ನು ಕಳ್ಳರ ಸಾಲಿಗೆ ಸೇರಿಸಿದ್ದೇವೆ. ಬೆದೆಯ ಕಾಲದಲ್ಲಿ ಗಂಡಿನ ಗಂಟಲು ಕೆಂಪಾಗುವುದನ್ನು ಕಂಡು ಅದು ರಕ್ತ ಹೀರುತ್ತದೆಂದು ನಂಬಿದವರಿದ್ದಾರೆ. ಅದು ಹೆಣ್ಣನ್ನು ಸೆಳೆಯುವ, ಬೇರೆ ಗಂಡನ್ನು ಬೆದರಿಸುವ ಬಣ್ಣ, ಅಷ್ಟೆ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಬಂಡೆಗಳ ಮೇಲಿನ ಬಂಡೆ ಓತಿ ಈ ವಿದ್ಯೆಯಲ್ಲಿ ಇನ್ನೂ ಮುಂದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗಮನಿಸಿರುವಂತೆ, ಇದರ ಗಂಡು ಹೆಣ್ಣಿನ ಎದುರು ಒಂದು ಬಣ್ಣದ ಜೋಡಿಯನ್ನು, ಎದುರಾಳಿ ಗಂಡಿನ ಮುಂದೆ ಮತ್ತೊಂದನ್ನು ತೋರಿಸುತ್ತದೆ. ಪಕ್ಷ ಬದಲಿಸುವ ರಾಜಕಾರಣಿಗಳನ್ನು ನಾವು ಗೋಸುಂಬೆ ಎಂದು ಬೈಯುತ್ತೇವೆ. ನಿಜವಾದ ಗೋಸುಂಬೆ ಬೇರೆ: ಬಾಲ ಸುರುಳಿ ಸುತ್ತಿಕೊಂಡು, ಎರಡು ಕಣ್ಣನ್ನು ಎರಡು ದಿಕ್ಕಿಗೆ ತಿರುಗಿಸುತ್ತ, ತೂಗಾಡುತ್ತ ನಡೆಯುವ ಸಾಧು ಪ್ರಾಣಿ.

ಹಾವುರಾಣಿಗಂತೂ ಹೆಸರೇ ಶತ್ರು. ನುಣುಪಾದ ಹೊಳೆಯುವ ಮೈ, ಸಣ್ಣ ಕಾಲು, ಹರಿದಾಡುವ ನಡಿಗೆ ಕಂಡು ಹಾವಿನ ನೆಂಟಸ್ತಿಕೆ ಕಟ್ಟಿದ್ದಾರೆ. ಇದನ್ನು ಅರಣೆ ಎನ್ನುವ ಕೇರಳದಲ್ಲಿ ಅದು ಕಚ್ಚಿದರೆ ಆ ಕ್ಷಣವೇ ಮರಣ ಎಂಬ ಮಾತಿದೆ. ಅದಕ್ಕೆ ವಿಷವೇ ಇಲ್ಲ. ನಾಯಿ ಬಾಲ ಹಿಡಿದರೆ ಬಾಲವನ್ನು ಕಳಚಿ ಬಿಟ್ಟು ಓಡುತ್ತದೆ. ತುಂಡಾದ ಬಾಲ ವಿಲವಿಲ ಒದ್ದಾಡುವುದನ್ನು ನಾಯಿ ನೋಡುತ್ತ ನಿಂತಿರುವಾಗ ಬಾಲದ ಒಡೆಯ ಪೊದೆ ಸೇರಿರುತ್ತದೆ. ಬಾಲ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಅದರಲ್ಲಿ ಕೂಡಿಟ್ಟ ಕೊಬ್ಬು ಹೋಯಿತು. ಹಸಿದ ದಿನಗಳಿಗೆ ಅದೇ ಆಧಾರ.

ಉಡ ಬಾಲ ಕಳಚುವುದಿಲ್ಲ, ಬಾಲದಿಂದ ಬಾರಿಸುತ್ತದೆ. ನಮ್ಮ ಬಯಲುಸೀಮೆಯಲ್ಲೂ ಮಲೆನಾಡಿನಲ್ಲೂ ಕಾಣುವ ಉಡ ಬಾಲವೂ ಸೇರಿ ಒಂದೂವರೆ ಮೀಟರು ದಾಟಬಲ್ಲದು. ಹಾವಿನಂತೆ ಸೀಳುನಾಲಿಗೆ, ಅದನ್ನು ಹೊರಚಾಚಿ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಒಳಕ್ಕೆಳೆದು ಬೇಟೆಯ ಜಾಡು ಹಿಡಿಯುತ್ತದೆ. ಜೀರುಂಡೆ, ಬಸವನಹುಳು, ಏಡಿ, ಇಲಿ, ಹಕ್ಕಿಯ ಮೊಟ್ಟೆ, ಸತ್ತ ಪ್ರಾಣಿಯ ಮಾಂಸ ಎಲ್ಲವೂ ಅದಕ್ಕೆ ಆಹಾರ. ನಾಯಿ ಎದುರಾದರೆ ಮೊದಲ ಯೋಚನೆ ಓಟ. ದಾರಿ ಸಿಗದಿದ್ದರೆ ಮೈ ಉಬ್ಬಿಸಿ ಬುಸುಗುಟ್ಟುತ್ತದೆ. ಬಿಲ ಅಥವಾ ಬಂಡೆಯ ಸಂದಿ ಸಿಕ್ಕಿತೋ, ಒಳಗೆ ನುಗ್ಗಿ ಉಗುರುಗಳನ್ನು ಊರಿ, ಉಸಿರು ತುಂಬಿಕೊಂಡು ಮೈಯನ್ನು ಸಂದಿಗೆ ಬೆಣೆಯಂತೆ ಬಿಗಿದುಕೊಳ್ಳುತ್ತದೆ. ಆಮೇಲೆ ಎಳೆದರೂ ಬರುವುದಿಲ್ಲ. ಉಡದ ಪಟ್ಟು ಎಂದು ನಾವು ಹೇಳುವುದು ಇದನ್ನೇ.

ಈ ಪಟ್ಟನ್ನು ಬಿಡಿಸಲು ಮನುಷ್ಯ ನಾಯಿಯನ್ನು ಬಳಸಿದ್ದು ಇಂದು ನಿನ್ನೆಯ ಮಾತಲ್ಲ. ಬಿಲದ ವಾಸನೆ ಹಿಡಿಯುವುದು ನಾಯಿಯ ಕೆಲಸ, ಅಗೆದು ತೆಗೆಯುವುದು ಬೇಟೆಗಾರನ ಕೆಲಸ. ಸೋಜಿಗವೆಂದರೆ, ಬೇಟೆ ನಾಯಿ ಮತ್ತು ಉಡ ಎರಡೂ ಒಂದೇ ಮನೆತನಕ್ಕೆ ಅಂಟಿಕೊಂಡಿರುವ ಊರು ನಮ್ಮಲ್ಲೇ ಇದೆ. ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ತೆಳ್ಳನೆಯ ಮೈ, ಉದ್ದ ಮೂತಿಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಈ ತಳಿಯನ್ನು ಜತನ ಮಾಡಿ ಬೆಳೆಸಿದ ಹೆಗ್ಗಳಿಕೆ ಅಲ್ಲಿನ ಸಂಸ್ಥಾನಿಕ ಮಾಲೋಜಿರಾವ್ ಘೋರ್ಪಡೆ ಅವರಿಗೆ ಸಲ್ಲುತ್ತದೆ. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ!

ಆ ಹೆಸರು ಬಂದ ಬಗೆಯನ್ನು ಮನೆತನದ ಐತಿಹ್ಯ ಹೀಗೆ ಹೇಳುತ್ತದೆ. 1471ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ದಂಡು ಸಹ್ಯಾದ್ರಿಯ ಖೇಳಣಾ ಕೋಟೆಯನ್ನು, ಅಂದರೆ ಇಂದಿನ ವಿಶಾಳಗಡವನ್ನು, ಮುತ್ತಿದಾಗ ಈ ವಂಶದ ಪೂರ್ವಜರು ಉಡದ ನಡುವಿಗೆ ಹಗ್ಗ ಕಟ್ಟಿ ಗೋಡೆಗೆ ಹತ್ತಿಸಿ, ಆ ಹಗ್ಗ ಹಿಡಿದು ಕೋಟೆ ಏರಿದರಂತೆ. 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡ ಹತ್ತಿದ ಕತೆಯಲ್ಲೂ ಯಶವಂತಿ ಎಂಬ ಉಡ ಬರುತ್ತದೆ. ಹೆಚ್ಚೆಂದರೆ ಏಳು ಕಿಲೋ ತೂಗುವ ಪ್ರಾಣಿ ಆಯುಧ ಹೊತ್ತ ಸೈನಿಕನ ಭಾರ ತಡೆದೀತೇ ಎಂದು ಕೇಳಿದರೆ ಕತೆ ನಿಲ್ಲುವುದು ಕಷ್ಟ. ಆದರೆ ಉಡದ ಹಿಡಿತವನ್ನು ಕಣ್ಣಾರೆ ಕಂಡವರು ಕಟ್ಟಿದ ಕತೆ ಇದು ಎಂಬುದರಲ್ಲಿ ಅನುಮಾನವಿಲ್ಲ. ಸಂಡೂರಿನ ಅರಸರೂ ಘೋರ್ಪಡೆಗಳೇ. ಆ ಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದಂತೆಯೇ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು.

ಇಷ್ಟು ಗೌರವ ಸಂದ ಪ್ರಾಣಿಯ ಗತಿ ಮಾತ್ರ ಒಳ್ಳೆಯದಾಗಲಿಲ್ಲ. ಮಾಂಸ ಮಂಡಿನೋವಿಗೆ ಮದ್ದು, ಎಣ್ಣೆ ವಾತಕ್ಕೆ ಮದ್ದು ಎಂದು ನಂಬಿ ಕೊಂದರು. ಇದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಕರ್ನಾಟಕ ಸಂಗೀತ ಕಛೇರಿಯ ಖಂಜಿರಕ್ಕೆ ಹಿಂದಿನಿಂದಲೂ ಬಿಗಿಯುತ್ತಿದ್ದುದು ಉಡದ ಚರ್ಮ. ಈಗ ಮೇಕೆಯ ಚರ್ಮ, ಕೃತಕ ಚರ್ಮಗಳೂ ಬಂದಿವೆ. ಎಲ್ಲಕ್ಕಿಂತ ವಿಚಿತ್ರವಾದದ್ದು ‘ಹತ್ತಾ ಜೋಡಿ’. ಮುಗಿದ ಕೈಗಳಂತೆ ಕಾಣುವ ಅಪರೂಪದ ಬೇರು, ಪೂಜಿಸಿದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ಮಾರುತ್ತಿದ್ದುದು ಗಂಡು ಉಡದ ಒಣಗಿಸಿದ ಜನನಾಂಗ ಎಂಬ ಸಂಗತಿ 2017ರಲ್ಲಿ ದೊಡ್ಡ ಸುದ್ದಿಯಾಯಿತು. ಕೊಂಡು ದೇವರ ಮುಂದಿಟ್ಟವರ ಮುಖ ಹೇಗಾಗಿರಬೇಕು!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿ, ಉಡ ಇದೆ. ಅದನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ಕನಿಷ್ಠ 25 ಸಾವಿರ ರೂಪಾಯಿ ದಂಡ. ನಾಯಿ ಸಾಕಿದವರು ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಬಲೆಯೊಡ್ಡುವುದು ಎಲ್ಲವೂ ಬೇಟೆಯೇ. ತಮಾಷೆಗೆ ನಾಯಿಯನ್ನು ಛೂ ಬಿಟ್ಟರೂ ಅದು ಅಪರಾಧ.

ಹಾಗಾದರೆ ಎದುರಾದಾಗ ಮಾಡಬೇಕಾದ್ದೇನು? ಬಹಳ ಇಲ್ಲ. ಬೇಲಿ, ಪೊದೆ, ಕಲ್ಲುಗುಡ್ಡೆ ಇರುವಲ್ಲಿ ಸರಪಳಿಯನ್ನು ಗಿಡ್ಡ ಹಿಡಿಯಬೇಕು. ಮಳೆಗಾಲದಲ್ಲಿ ನಾಯಿ ಸಡಿಲ ಮಣ್ಣು ಕೆರೆಯತೊಡಗಿದರೆ ತಡೆಯಬೇಕು, ಕೆಳಗೆ ಮೊಟ್ಟೆ ಇದ್ದೀತು. ಕಲ್ಲು ಎಸೆಯುವುದು ಬೇಡ. ಮನುಷ್ಯನನ್ನು ಕೊಲ್ಲುವಂಥ ವಿಷವುಳ್ಳ ಹಲ್ಲಿ ಜಾತಿ ಭಾರತದಲ್ಲಿ ಒಂದೂ ಇಲ್ಲ. ಉಡ ನಾಯಿಯ ಮೂತಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಪಶುವೈದ್ಯರಿಗೆ ತೋರಿಸಿದರಾಯಿತು. ಮನೆಯ ಚರಂಡಿಗೋ ಕಾಂಪೌಂಡಿನೊಳಕ್ಕೋ ಬಂದು ಸಿಕ್ಕಿಕೊಂಡ ಉಡವನ್ನು ತಾವೇ ಹಿಡಿಯಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಸಂದಿಯೊಳಗೆ ಉಬ್ಬಿ ಕುಳಿತ ಉಡವನ್ನಂತೂ ಎಳೆಯಬಾರದು. ನಾಯಿಯನ್ನು ದೂರ ಕರೆದೊಯ್ದು, ಬೊಗಳು ನಿಂತ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಅದು ಉಸಿರು ಬಿಟ್ಟು, ಮೈ ಸಡಿಲಿಸಿ, ಮೊದಲು ನಾಲಿಗೆಯನ್ನು ಹೊರಗೆ ಕಳುಹಿಸಿ ಪರೀಕ್ಷಿಸಿ, ತನ್ನ ದಾರಿ ಹಿಡಿಯುತ್ತದೆ.